ಪ್ರವೇಶದ ಅಂಕ, ಕಾಲೇಜಿನ ಫಲಿತಾಂಶ: ವ್ಯಾಪ್ತಿ ಕುಗ್ಗಿದಾಗ ಸಹಸಂಬಂಧ

ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ವಿಭಾಗಕ್ಕೆ ಸೇರಿದವರ ಪ್ರವೇಶದ ಅಂಕವನ್ನೂ ಮೊದಲ ಸೆಮಿಸ್ಟರಿನ ಎಸ್‌ಜಿಪಿಎಯನ್ನೂ (ಆ ಸೆಮಿಸ್ಟರಿನ ಗ್ರೇಡುಗಳ ಸರಾಸರಿ) ಅಕ್ಕಪಕ್ಕ ಬರೆದುಕೊಂಡು ಸಹಸಂಬಂಧ ಗುಣಾಂಕ (ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎನ್ನುವ ಅಳತೆ; ಪೂರ್ತಿ ಒಟ್ಟಿಗಾದರೆ 1) ತೆಗೆದಾಗ ಅದು 0.3 ಬಂತೆಂದು ಇಟ್ಟುಕೊಳ್ಳೋಣ. (ಸಿಇಟಿ ರ್‍ಯಾಂಕನ್ನೇ ನೇರವಾಗಿ ಬಳಸದಿರುವುದು ಮೇಲು; ಅದು ಸಾಲಿನಲ್ಲಿ ನಿಂತ ಕ್ರಮವನ್ನು ಹೇಳುತ್ತದೆಯೇ ಹೊರತು ಇಬ್ಬರ ನಡುವಿನ ಅಂತರವನ್ನಲ್ಲ.) ಇಷ್ಟು ಕಡಿಮೆ ಬಂದಮೇಲೆ ಪ್ರವೇಶದ ಅಂಕದಿಂದ ಏನೂ ತಿಳಿಯದು ಎಂದು ಬರೆದುಬಿಡುವ ಆತುರ ನಮ್ಮಲ್ಲಿ ಅನೇಕರಿಗಿದೆ, ನನಗೂ ಇತ್ತು.

ಆದರೆ ಆ ತರಗತಿಯಲ್ಲಿ ಕುಳಿತವರೆಲ್ಲ ಅದೇ ಅಂಕದ ಆಧಾರದ ಮೇಲೆ ಆಯ್ಕೆಯಾದವರು. ಕಡಿಮೆ ಅಂಕದವರು ಅಲ್ಲಿಗೆ ಬರಲೇ ಇಲ್ಲ, ಹೆಚ್ಚು ಅಂಕದವರು ಬೇರೆ ಕಡೆ ಸೀಟು ಹಿಡಿದರು. ಜರಡಿ ಹಿಡಿದು ಒಂದೇ ಗಾತ್ರಕ್ಕೆ ತಂದ ರವೆಯಲ್ಲಿ ಉಪ್ಪಿಟ್ಟು ಮಾಡಿ, ಕಾಳಿನ ಗಾತ್ರಕ್ಕೂ ಬೇಯುವ ಹೊತ್ತಿಗೂ ಸಂಬಂಧವೇ ಇಲ್ಲ ಎಂದ ಹಾಗಾಗುತ್ತದೆ. ಹೀಗೆ ಕುಗ್ಗಿದ ವ್ಯಾಪ್ತಿಗೆ ತಿದ್ದುಪಡಿ ಮಾಡುವ ಸೂತ್ರವೊಂದಿದೆ: ಪರೀಕ್ಷೆ ಬರೆದ ಎಲ್ಲರ ಅಂಕಗಳ ಮಾನಕ ವಿಚಲನೆಯು (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎನ್ನುವ ಅಳತೆ) ತರಗತಿಯದರ ಎರಡು ಪಟ್ಟಿದ್ದರೆ, 0.3ನ್ನು 2ರಿಂದ ಗುಣಿಸಿ, ಬಂದ 0.6ನ್ನು (1 − 0.09 + 0.36)ರ ವರ್ಗಮೂಲದಿಂದ ಭಾಗಿಸಬೇಕು, ತಿದ್ದಿದ ಗುಣಾಂಕ ಸುಮಾರು 0.53. ಸಂಬಂಧ ಸರಳರೇಖೆಯದಾಗಿದ್ದು, ಆಯ್ಕೆಯು ಆ ಒಂದೇ ಅಂಕದ ಮೇಲೆ ನಡೆದಿದ್ದರೆ ಮಾತ್ರ ಈ ಸೂತ್ರ ಸಲ್ಲುತ್ತದೆ.

ವರ್ಷಗಳನ್ನು ಬೆರೆಸುವಾಗಲೂ ಎಚ್ಚರ ಬೇಕು. ಸಾಮಾನ್ಯವಾಗಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಮತ್ತು ಸಿಇಟಿ ಅಂಕಗಳನ್ನು ಅರ್ಧರ್ಧ ಹಿಡಿಯುತ್ತಾರೆ. ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಸಿಇಟಿ ಅಂಕವನ್ನಷ್ಟೇ ಹಿಡಿದರು. ಆ ವರ್ಷದ ಜರಡಿಯೇ ಬೇರೆ.

ಎಸ್‌ಜಿಪಿಎ ಬದಲು ಪಾಸೋ ಫೇಲೋ ಎಂಬುದನ್ನು ಊಹಿಸಬೇಕಾದಾಗ ಲಾಜಿಸ್ಟಿಕ್ ರಿಗ್ರೆಷನ್ (ಎರಡರಲ್ಲಿ ಒಂದಾಗುವ ಫಲದ ಸಂಭವನೀಯತೆಯನ್ನು ಅಂದಾಜಿಸುವ ವಿಧಾನ) ಬಳಸುತ್ತೇವೆ. ಇಲ್ಲಿ ಇಂಟರ್ನಲ್ಸ್‌ನ ಪ್ರತಿ ಹತ್ತು ಅಂಕಕ್ಕೆ ಗುಣಾಂಕ 0.7 ಬಂದರೆ ಪಾಸಾಗುವ ಸಂಭವನೀಯತೆ ಇಮ್ಮಡಿಯಾಯಿತು ಎಂದು ಓದಬಾರದು. ಇಮ್ಮಡಿಯಾಗುವುದು ಪಾಸು–ಫೇಲುಗಳ ಅನುಪಾತ (ಗುಣಾಂಕ ಈ ಅನುಪಾತದ ಲಾಗರಿದಮ್ಮಿನ ಲೆಕ್ಕದಲ್ಲಿರುತ್ತದೆ, eಯ 0.7ನೇ ಘಾತ ಸುಮಾರು 2): 1ಕ್ಕೆ 1 ಇದ್ದದ್ದು 2ಕ್ಕೆ 1 ಆಗಿ 50 ಪ್ರತಿಶತವು 67ಕ್ಕೆ ಏರುತ್ತದೆ, 4ಕ್ಕೆ 1 ಇದ್ದದ್ದು 8ಕ್ಕೆ 1 ಆದಾಗ 80 ಪ್ರತಿಶತವು 89ಕ್ಕಷ್ಟೇ ಏರುತ್ತದೆ.

ಹೀಗೆ ಊಹಿಸುವ ಮಾದರಿ ಎಷ್ಟು ಸರಿ ಎಂದು ಅಳೆಯುವಾಗ ಒಟ್ಟು ನಿಖರತೆಯೊಂದನ್ನೇ ನೋಡುವುದೂ ಮೋಸವೇ. ನೂರರಲ್ಲಿ 85 ಮಂದಿ ಪಾಸಾಗುವ ತರಗತಿಯಲ್ಲಿ ಎಲ್ಲರೂ ಪಾಸು ಎಂದು ಕಣ್ಣುಮುಚ್ಚಿ ಬರೆದರೂ ನಿಖರತೆ 85 ಪ್ರತಿಶತ ಸಿಗುತ್ತದೆ, ಫೇಲಾಗಲಿರುವ 15 ಮಂದಿಯಲ್ಲಿ ಒಬ್ಬರೂ ಸಿಗುವುದಿಲ್ಲ.