ಲಿವರ್‌ಗೆ ಪೆಟ್ಟು ಕೊಡುವುದು ಮುಗಿಯದ ಉರಿಯೂತ

ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶದೊಳಗೆ ಸೇರಿ ವರ್ಷಗಟ್ಟಲೆ ಸಂತಾನ ಬೆಳೆಸುತ್ತಿದ್ದರೂ ಆ ಕೋಶ ಸಾಮಾನ್ಯವಾಗಿ ಸಾಯುವುದಿಲ್ಲ. ಅದನ್ನು ಕೊಲ್ಲುವುದು ನಮ್ಮದೇ ಟಿ ಕೋಶಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಕೋಶದ ಮೇಲ್ಮೈಯಲ್ಲಿ ವೈರಸ್ಸಿನ ಪ್ರೋಟೀನ್ ತುಣುಕು ಕಂಡರೆ ಸಿಡಿ8 ಎಂಬ ಬಗೆಯ ಟಿ ಕೋಶ ಅದಕ್ಕೆ ಅಂಟಿಕೊಳ್ಳುತ್ತದೆ, ಪರ್ಫೊರಿನ್ ಎಂಬ ಪ್ರೋಟೀನ್‌ನಿಂದ ಪೊರೆಗೆ ತೂತು ಕೊರೆಯುತ್ತದೆ, ಗ್ರಾನ್‌ಜೈಮ್ ಎಂಬ ಕಿಣ್ವವನ್ನು ಒಳಕ್ಕೆ ಬಿಡುತ್ತದೆ. ಹಾನಿಗೊಂಡ ಕೋಶಗಳಿಂದ ರಕ್ತಕ್ಕೆ ಸೋರುವ ಎಎಲ್‌ಟಿ ಎಂಬ ಲಿವರ್ ಕಿಣ್ವವನ್ನೇ ಲ್ಯಾಬ್ ಅಳೆಯುವುದು.

ವಯಸ್ಕರಲ್ಲಿ ಈ ದಾಳಿ ಬಹುಪಾಲು ಗೆಲ್ಲುತ್ತದೆ. ಬಿ ಸೋಂಕು ಉಳಿದುಬಿಡುವುದು ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ. ಹೆರಿಗೆ ವೇಳೆ ತಾಯಿಯಿಂದ ಸೋಂಕು ತಗುಲಿದ ಶಿಶುಗಳಲ್ಲಾದರೆ ನೂರಕ್ಕೆ ಸುಮಾರು 90ರಲ್ಲಿ ಉಳಿಯುತ್ತದೆ. ಮೊದಲ ಲಸಿಕೆ ಹುಟ್ಟಿದ 24 ಗಂಟೆಯೊಳಗೆ ಬೀಳಲೇಬೇಕು ಎನ್ನುವುದು ಇದಕ್ಕೇ.

ಸೋಂಕು ಉಳಿದರೆ ಟಿ ಕೋಶಗಳಿಗೆ ಶತ್ರು ಹಗಲಿರುಳೂ ಎದುರಿಗೇ ಇರುತ್ತಾನೆ. ಅವುಗಳ ಮೇಲೆ ದಾಳಿಗೆ ಬ್ರೇಕ್ ಹಾಕುವ ಪಿಡಿ-1 ಎಂಬ ಪ್ರೋಟೀನ್ ಹೆಚ್ಚುತ್ತದೆ, ಅವು ದಣಿಯುತ್ತವೆ. ವೈರಸ್ಸನ್ನು ತೊಡೆದುಹಾಕುವ ಕಸುವಿಲ್ಲ, ಹಾಗೆಂದು ಸುಮ್ಮನೂ ಇರುವುದಿಲ್ಲ. ಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ, ಅದಕ್ಕೂ ಸೋಂಕು ತಗುಲುತ್ತದೆ. ಮುಗಿಯದ ಉರಿಯೂತ ಎಂದರೆ ಇದೇ; ನಿಜವಾದ ಹಾನಿ ಈ ಅರೆಬರೆ ಯುದ್ಧದಲ್ಲೇ ಇದೆ.

ಸತ್ತ ಕೋಶಗಳ ಚೂರುಗಳನ್ನು ನುಂಗುವ ಕುಪ್ಫರ್ ಕೋಶಗಳು ಟಿಜಿಎಫ್-ಬೀಟಾ ಎಂಬ ಸಂಕೇತ ಹೊರಡಿಸುತ್ತವೆ. ಪಕ್ಕದಲ್ಲೇ ವಿಟಮಿನ್ ಎ ಕೂಡಿಟ್ಟುಕೊಂಡು ತೆಪ್ಪಗಿದ್ದ ಸ್ಟೆಲೇಟ್ ಕೋಶಗಳು ಆಗ ಆ ದಾಸ್ತಾನು ಕಳೆದುಕೊಂಡು ಕಾಲಜನ್ ನಾರು ನೇಯತೊಡಗುತ್ತವೆ. ರಕ್ತ ಮತ್ತು ಲಿವರ್ ಕೋಶದ ನಡುವಿನ ಸಣ್ಣ ಸಂದು ಕಲೆಗಟ್ಟುತ್ತದೆ. ಎಫ್0ರಿಂದ ಎಫ್4ರವರೆಗೆ ಅಳೆಯುವುದು ಈ ಕಲೆಯನ್ನೇ. ಎಫ್4 ಎಂದರೆ ಸಿರೋಸಿಸ್, ಲಿವರ್ ತುಂಬ ಕಲೆಗಟ್ಟಿ ಗಟ್ಟಿಯಾದ ಸ್ಥಿತಿ. ಆಮೇಲೆ ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿ ಹೊಟ್ಟೆಯಲ್ಲಿ ನೀರು ತುಂಬಬಹುದು, ಅನ್ನನಾಳದ ಸಿರೆಗಳು ಉಬ್ಬಿ ಒಡೆಯಬಹುದು.

ಎಎಲ್‌ಟಿ ನಾರ್ಮಲ್ ಬಂತೆಂದು ನಿರಾಳವಾಗುವುದು ದೊಡ್ಡ ತಪ್ಪು. ಅದು ಈ ಹೊತ್ತಿನ ಹಾನಿಯ ಸುಳಿವು ಮಾತ್ರ, ಕೂಡಿಕೊಂಡ ಕಲೆಯ ಲೆಕ್ಕ ಅದರಲ್ಲಿಲ್ಲ. ಲಿವರ್ ಎಷ್ಟು ಬಿಗಿಯಾಗಿದೆ ಎಂದು ನೋಡಲು ಎಲಾಸ್ಟೋಗ್ರಫಿ ಎಂಬ ಸ್ಕ್ಯಾನ್ ಬೇಕು. ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಅದೂ ಎಚ್ಚರಿಕೆ.

ಉರಿಯೂತವೇ ಕಾರಣವಾದರೆ ಅದನ್ನೇ ಅದುಮಿದರಾಯಿತಲ್ಲ ಎನಿಸಬಹುದು. ಹಾಗೆ ಮಾಡಿದರೆ ವೈರಸ್ಸಿಗೆ ಮೈದಾನ ಬಿಟ್ಟುಕೊಟ್ಟಂತೆ. ಅದುಮಬೇಕಾದ್ದು ವೈರಸ್ಸನ್ನು. ಲಿವರ್‌ಗೆ ತಗುಲುವ ಇನ್ನೊಂದು ವೈರಸ್ಸಾದ ಹೆಪಟೈಟಿಸ್ ಸಿಗೆ ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಎಂಬ ಔಷಧಗಳ ಜೋಡಿಯನ್ನು 12 ವಾರ ಕೊಟ್ಟರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ, ಕಲೆಯೂ ಎಷ್ಟೋ ಸಲ ಕರಗುತ್ತದೆ. ಬಿ ವೈರಸ್ಸಿನ ಡಿಎನ್‌ಎ ಉಂಗುರ ಕೋಶಕೇಂದ್ರದಲ್ಲೇ ಉಳಿಯುವುದರಿಂದ ವೈರಸ್ಸನ್ನು ಅದುಮುವ ಟೆನೊಫೊವಿರ್ ಅಥವಾ ಎಂಟೆಕಾವಿರ್ ಔಷಧ ಹಲವರಿಗೆ ದೀರ್ಘಕಾಲ ಬೇಕು; ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಉರಿಯೂತ ಭುಗಿಲೇಳಬಹುದು. ಹಳೆಯ ಸೋಂಕು ಅಡಗಿರುವವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧ ಕೊಟ್ಟಾಗಲೂ ವೈರಸ್ ಮತ್ತೆ ಎದ್ದೀತು. ಆದ್ದರಿಂದ ಅಂಥ ಚಿಕಿತ್ಸೆಗೆ ಮುಂಚೆ ಎಚ್‌ಬಿಎಸ್‌ಎಜಿ (ಈಗಿನ ಸೋಂಕಿನ ಗುರುತು) ಮತ್ತು ಆಂಟಿ-ಎಚ್‌ಬಿಸಿ (ಎಂದಾದರೂ ಸೋಂಕು ತಗುಲಿದ್ದರ ಗುರುತು) ಎರಡೂ ಪರೀಕ್ಷೆ ಆಗಿರಬೇಕು.