ಹುಲ್ಲಿನ ಚಾವಣಿಯ ಕಲ್ಲು ಮನೆ: ಗೋಡೆ ಬಿಡಿ, ಮಸಿ ನೋಡಿ

ಇಂಗ್ಲೆಂಡಿನ ಹಳೇ ಹಳ್ಳಿ ಕಾಟೇಜ್ ಬಗ್ಗೆ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಬೆಂಗಳೂರಿನ ಚಪ್ಪಡಿ ಮನೆಗಳನ್ನು ನೋಡಿ ಬೆಳೆದ ನಮಗೆ ಕಲ್ಲು ಮನೆ ಅಂದರೆ ಚಾವಣಿಯೂ ಕಲ್ಲೇ, ಅಲ್ವಾ? ಅಲ್ಲಿ ಹಾಗಲ್ಲ.

ಗೋಡೆ ಸುಲಭ. ಹತ್ತಿರ ಸಿಕ್ಕಿದ ಕಲ್ಲು: ಕಾಟ್ಸ್‌ವೋಲ್ಡ್‌ನಲ್ಲಿ ಸುಣ್ಣಕಲ್ಲು, ಡಾರ್ಟ್‌ಮೂರ್‌ನಲ್ಲಿ ನಮ್ಮ ಹಾಗೇ ಗ್ರಾನೈಟ್.

ಚಾವಣಿಗೆ ಗೋಧಿ ಹುಲ್ಲು ಅಥವಾ ಜೊಂಡು. ಇಳಿಜಾರು 50 ಡಿಗ್ರಿ ಆಸುಪಾಸು ಇರಬೇಕು. ಮಳೆ ಮೇಲಿನ ಪದರವನ್ನಷ್ಟೇ ನೆನೆಸಿ, ಕಡ್ಡಿಯಿಂದ ಕಡ್ಡಿಗೆ ಜಾರಿ ಸೂರಿನಿಂದ ತೊಟ್ಟಿಕ್ಕುತ್ತದೆ. ಇಳಿಜಾರು ಕಡಿಮೆಯಾದರೆ ನೀರು ನಿಂತು ಹುಲ್ಲು ಕೊಳೆಯುತ್ತದೆ.

ಈಗ ತಲೆ ಕೆಡಿಸುವ ಭಾಗ. ಕೆಳಗೆ ದೊಡ್ಡ ಚಿಮಣಿ ಇದೆ, ಮಧ್ಯೆ ಮಹಡಿ ಇದೆ, ಆದರೂ ಅದರ ಮೇಲಿನ ತೊಲೆಗಳಿಗೂ ಒಳಗಿನ ಹುಲ್ಲಿಗೂ ದಪ್ಪ ಮಸಿ ಹೇಗೆ ಬಂತು? ಮನೆಯನ್ನು ಒಂದೇ ಸಲ ಕಟ್ಟಿದ್ದಾರೆ ಅಂದುಕೊಂಡರೆ ಇದು ಬಿಡಿಸಲಾಗದ ಒಗಟು. ಕಾಲದ ಕ್ರಮದಲ್ಲಿ ಇಟ್ಟು ನೋಡಿ. ಮಧ್ಯಯುಗದಲ್ಲಿ ಮಹಡಿ ಇಲ್ಲ, ಚಿಮಣಿಯೂ ಇಲ್ಲ. ನೆಲದ ನಡುವೆ ಬೆಂಕಿ. ಹೊಗೆ ನೇರ ಮೇಲೇರಿ ಹುಲ್ಲಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಸೌದೆ ಒಲೆಯ ಅಡುಗೆಮನೆಯ ಜಂತೆಗಳ ಹಾಗೆ ಎಲ್ಲ ಕಪ್ಪಾಯಿತು. ಹೆಚ್ಚಾಗಿ 16-17ನೇ ಶತಮಾನದಲ್ಲಿ ಚಿಮಣಿ ಸೇರಿತು. ಹೊಗೆಗೆ ಬೇರೆ ದಾರಿಯಾದ ಮೇಲೆ ತಾನೆ ನಡುವೆ ಮಹಡಿ ಹಾಕಲು ಆಗುವುದು? ಅಂದರೆ ಮಸಿ ಮೊದಲು, ಚಿಮಣಿ ಆಮೇಲೆ, ಮಹಡಿ ಅದರ ಜೊತೆಗೋ ಕೊನೆಗೋ. ಹಳೇ ಹುಲ್ಲು ಉಳಿದದ್ದು ಯಾಕೆಂದರೆ ರಿಪೇರಿ ಮಾಡುವಾಗ ತಳದ ಪದರ ಕೀಳದೆ ಅದರ ಮೇಲೇ ಹೊಸದು ಹೊದಿಸುತ್ತಿದ್ದರು. ಡೆವನ್‌ನಲ್ಲಿ ಮಧ್ಯಯುಗದ ಮಸಿ ಹುಲ್ಲು ಇಂದಿಗೂ ಇದೆ.

ನನಗೆ ತುಂಬಾ ಇಷ್ಟವಾದ ಟ್ರಿಕ್ ಇದು: ಚಾವಣಿ ಕೆಳಗಿನ ಅಡ್ಡಗೋಡೆಯ ಎರಡೂ ಬದಿ ನೋಡಿ. ಒಂದೇ ಬದಿಗೆ ಮಸಿ ಇದ್ದರೆ ಬೆಂಕಿ ಉರಿಯುತ್ತಿದ್ದಾಗಲೇ ಆ ಗೋಡೆ ಇತ್ತು. ಗೋಡೆ ಮಾತ್ರ ಶುಭ್ರವಾಗಿದ್ದು ಅದರ ಆಚೀಚೆಯ ತೊಲೆಗಳೆಲ್ಲ ಕಪ್ಪಾಗಿದ್ದರೆ, ಗೋಡೆ ಆಮೇಲೆ ಬಂದದ್ದು. ಚಿಮಣಿ ಮೇಲೆ 1640 ಅಂತ ಕೆತ್ತಿದ್ದರೂ ಅದು ಸುಮ್ನೆ ಚಿಮಣಿಯ ವಯಸ್ಸಿರಬಹುದು, ಮನೆಯದ್ದಲ್ಲ.

ಉಳಿದದ್ದು ಬೇಗ: ಬೆಂಕಿ ಅನಾಹುತದ ನಂತರ ಲಂಡನ್‌ನಲ್ಲಿ 1212ರಲ್ಲೇ ಹೊಸ ಹುಲ್ಲಿನ ಚಾವಣಿಗೆ ನಿಷೇಧ. 19ನೇ ಶತಮಾನದಲ್ಲಿ ರೈಲಿನಲ್ಲಿ ವೇಲ್ಸ್‌ನ ಸ್ಲೇಟ್ (ಚಾವಣಿಗೆ ಹೊದಿಸುವ ತೆಳು ಕಲ್ಲಿನ ಹಲಗೆ) ಅಗ್ಗವಾಗಿ ಬಂದು ಹಳ್ಳಿಯಲ್ಲೂ ಹುಲ್ಲು ಕಡಿಮೆಯಾಯಿತು.

ಉತ್ತರದಲ್ಲಿ ಎಲಿವೇಶನ್‌ಗಿಂತ (ಹೊರಗಿನಿಂದ ಕಾಣುವ ನೋಟ) ಸೆಕ್ಷನ್ (ಮನೆ ಸೀಳಿದರೆ ಒಳಗೆ ಕಾಣುವ ನೋಟ) ಬಿಡಿಸಿ, ಮಸಿ ಇರುವ ಕಡೆ ಪೆನ್ಸಿಲ್‌ನಲ್ಲಿ ಶೇಡ್ ಕೊಡಿ.