ಸುಣ್ಣದ ಬೆಟ್ಟ, ಸಿಮೆಂಟಿನಲ್ಲಿ ಹುಗಿದ ಕಾಲು: ಜಾವಾದ ತೆಗಲ್‌ದೊವೊ ಹೋರಾಟದ ಹಿನ್ನೆಲೆ

ತೆಗಲ್‌ದೊವೊ ಎಂಬ ಊರಿನ ಹೆಸರು 2014ಕ್ಕೆ ಮುಂಚೆ ಇಂಡೋನೇಷ್ಯಾದವರಿಗೇ ಅಷ್ಟಾಗಿ ಗೊತ್ತಿರಲಿಲ್ಲ. ಮಧ್ಯ ಜಾವಾದ ಉತ್ತರ ಕರಾವಳಿಯಲ್ಲಿ ರೆಂಬಾಂಗ್ ಜಿಲ್ಲೆಯಿದೆ. ಅದರ ಒಳನಾಡಿನ ಗುನೆಮ್ ಹೋಬಳಿಗೆ ಸೇರಿದ ಖುಷ್ಕಿ ಬೇಸಾಯದ ಊರು ಇದು. ಮಳೆಗಾಲಕ್ಕೊಂದು ಭತ್ತ, ಅದು ಕೊಯ್ದ ಮೇಲೆ ಮುಸುಕಿನ ಜೋಳ, ಅಲ್ಲಲ್ಲಿ ಮೆಣಸಿನ ಗಿಡ, ಕೊಟ್ಟಿಗೆಯಲ್ಲಿ ದನ. ಸುತ್ತ ತೇಗದ ಕಾಡು, ಬೆನ್ನಿಗೆ ಕೆಂಡೆಂಗ್ ಬೆಟ್ಟಸಾಲು. ಬೆಟ್ಟವೆಂದರೆ ಬಹಳ ಎತ್ತರದವೇನಲ್ಲ, ಸುಣ್ಣದ ಕಲ್ಲಿನ ತಗ್ಗು ಗುಡ್ಡಗಳು. ಪಾತಿ, ಗ್ರೊಬೊಗನ್, ಬ್ಲೋರಾ, ರೆಂಬಾಂಗ್ ಜಿಲ್ಲೆಗಳನ್ನು ಹಾದು ಪೂರ್ವ ಜಾವಾದ ತುಬಾನ್ ಕಡೆಗೂ ಚಾಚಿಕೊಂಡಿವೆ.

ಈ ಗುಡ್ಡಗಳ ಕಲ್ಲು ಸಿಮೆಂಟ್ ಕಂಪನಿಗೆ ಬೇಕು. ಕಲ್ಲಿನೊಳಗೆ ನಿಂತ ನೀರು ಊರಿಗೆ ಬೇಕು. ಕಲ್ಲನ್ನು ತೆಗೆದು ನೀರನ್ನು ಉಳಿಸಲು ಆಗುತ್ತದೆಯೇ ಎಂಬುದೇ ಇಡೀ ಜಗಳದ ಗಂಟು.

ಸುಣ್ಣದ ಕಲ್ಲಿನ ನೆಲದಲ್ಲಿ ನೀರು ನಡೆದುಕೊಳ್ಳುವ ರೀತಿಯೇ ಬೇರೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸಾವಿರಾರು ವರ್ಷ ಬಿರುಕುಗಳಲ್ಲಿ ಇಳಿದಿಳಿದು ಕಲ್ಲನ್ನೇ ಕರಗಿಸುತ್ತದೆ. ಬಿರುಕು ಸಂದಿಯಾಗುತ್ತದೆ, ಸಂದಿ ಗುಹೆಯಾಗುತ್ತದೆ, ಗುಹೆಯಲ್ಲಿ ಹೊಳೆ ಹರಿಯತೊಡಗುತ್ತದೆ. ಇಂಥ ನೆಲಕ್ಕೆ ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ. ಮೇಲೆ ನಿಂತು ನೋಡಿದರೆ ಒಂದು ಹನಿ ನೀರಿಲ್ಲದ ಬರಡು ಗುಡ್ಡ. ಆದರೆ ಮೇಲ್ಪದರದ ತೂತುತೂತಾದ ಕಲ್ಲು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ಬುಡದ ಒರತೆಗಳಿಗೆ ನಿಧಾನವಾಗಿ ಬಿಡುತ್ತಿರುತ್ತದೆ. ಕ್ವಾರಿ ಕೊರೆದು ತೆಗೆಯುವುದು ಇದೇ ಮೇಲ್ಪದರವನ್ನು. ಅದು ಹೋದರೆ ಮಳೆಗಾಲದಲ್ಲಿ ನೀರು ಒಮ್ಮೆಲೇ ಇಳಿದುಹೋಗುತ್ತದೆ, ಬೇಸಿಗೆಯಲ್ಲಿ ಒರತೆ ಬತ್ತುತ್ತದೆ. ಮತ್ತೆ ಅಂಥ ಪದರ ಬೆಳೆಯಲು ಮನುಷ್ಯರ ಆಯುಸ್ಸಿನ ಲೆಕ್ಕ ಸಾಲದು.

ತೆಗಲ್‌ದೊವೊ ಸುತ್ತಲಿನ ಈ ಜಲಪಾತ್ರೆಗೆ, ಅಂದರೆ ನೆಲದಡಿಯಲ್ಲಿ ನೀರು ಕೂಡಿನಿಂತ ಪ್ರದೇಶಕ್ಕೆ, ವಾತುಪುತಿಹ್ ಎಂದು ಹೆಸರು. ವಿಸ್ತಾರ ಸುಮಾರು 31 ಚದರ ಕಿಲೋಮೀಟರ್. ಅದರ ಒರತೆಗಳ ನೀರು ಹತ್ತಿರದ ಹಳ್ಳಿಗಳಿಗಷ್ಟೇ ಅಲ್ಲದೆ ರೆಂಬಾಂಗ್, ಲಾಸೆಮ್ ಪಟ್ಟಣಗಳ ನಲ್ಲಿಗಳಿಗೂ ಹೋಗುತ್ತದೆ. ಹೋರಾಟಗಾರರು ಗುಹೆ ಶೋಧಕರ ಜೊತೆ ಸೇರಿ ಮಾಡಿದ ಪಟ್ಟಿಯಲ್ಲಿ 109 ಒರತೆಗಳು, 49 ಗುಹೆಗಳು ಇವೆ. ಕಂಪನಿ ಮಾತ್ರ ತನ್ನ ಗಣಿ ಜಾಗದ ಅಡಿಯಲ್ಲಿ ಭೂಗತ ಹೊಳೆಯಿಲ್ಲ ಎಂದೇ ವಾದಿಸುತ್ತ ಬಂತು.

ಇದೆಲ್ಲ ಸಿಮೆಂಟಿನಿಂದ ಶುರುವಾಯಿತು ಎಂದುಕೊಂಡರೆ ಅರ್ಧ ಕಥೆ ಮಾತ್ರ ಸಿಕ್ಕಂತೆ. ಇದಕ್ಕೂ ಮುಂಚೆ ಇಲ್ಲಿನ ತೇಗಕ್ಕಾಗಿ ಜಗಳವಾಗಿತ್ತು.

ರೆಂಬಾಂಗ್, ಬ್ಲೋರಾ ಸೀಮೆಯ ತೇಗ ಡಚ್ಚರ ಹಡಗುಗಳಿಗೆ ಮರವಾಗಿ ಹೋಗುತ್ತಿತ್ತು. 1865ರಲ್ಲಿ ಡಚ್ ಸರ್ಕಾರ ಜಾವಾದ ಕಾಡಿಗೆ ಕಾನೂನು ಮಾಡಿತು. 1870ರಲ್ಲಿ ಇನ್ನೂ ದೊಡ್ಡದೊಂದು ಘೋಷಣೆ ಬಂತು: ತನ್ನದೆಂದು ಯಾರೂ ರುಜುವಾತು ಮಾಡಲಾಗದ ನೆಲವೆಲ್ಲ ಸರ್ಕಾರದ್ದು. ಅಲ್ಲಿಯವರೆಗೆ ಕಾಡಿನಿಂದ ಸೌದೆ, ಮನೆ ಕಟ್ಟಲು ಮರ, ದನಕ್ಕೆ ಮೇವು ತರುತ್ತಿದ್ದ ರೈತ ಬೆಳಗಾಗುವುದರೊಳಗೆ ಮರಗಳ್ಳನಾದ. ಅಪ್ಪ ಅಜ್ಜಂದಿರು ಬಳಸಿದ್ದು ಸಾಕ್ಷಿಯಾಗಲಿಲ್ಲ, ಸರ್ಕಾರ ಕೇಳಿದ್ದು ಕಾಗದವನ್ನು. ಕೆಂಡೆಂಗ್ ಸೀಮೆಯ ಮುಂದಿನ ಎಲ್ಲ ಜಗಳಗಳ ಬೇರು ಇಲ್ಲೇ ಇದೆ ಎಂದು ನನಗನಿಸುತ್ತದೆ. ನೆಲದ ಮೇಲೆ ಬದುಕಿದವನೇ ತನ್ನ ಹಕ್ಕನ್ನು ಸಾಬೀತು ಮಾಡಬೇಕು, ನಕ್ಷೆಯಲ್ಲಿ ಗೆರೆ ಎಳೆದವನು ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ಇದಕ್ಕೆ ಎದುರಾಗಿ ನಿಂತವನು ಬ್ಲೋರಾ ಸೀಮೆಯ ಪ್ಲೊಸೊ ಕೆದಿರೆನ್ ಎಂಬ ಹಳ್ಳಿಯ ಸಾಮಿನ್ ಸುರೊಸೆಂತಿಕೊ. ಹುಟ್ಟಿದ್ದು 1859ರಲ್ಲಿ. ಏನೂ ಇಲ್ಲದ ಕೂಲಿಯವನಲ್ಲ, ಗದ್ದೆ, ದನಕರು ಇದ್ದ ರೈತ. 1890ರ ಹೊತ್ತಿಗೆ ಅವನು ಊರೂರಲ್ಲಿ ಹೇಳತೊಡಗಿದ: ನೆಲ, ನೀರು, ಮರ ಎಲ್ಲರಿಗೂ ಸೇರಿದ್ದು, ಅದಕ್ಕೆ ಕಂದಾಯ ಯಾಕೆ? ಅವನ ಹಿಂದೆ ಹೋದವರು ಕತ್ತಿ ಹಿಡಿಯಲಿಲ್ಲ. ತೆರಿಗೆ ಕಟ್ಟಲಿಲ್ಲ, ಬಿಟ್ಟಿ ಕೆಲಸಕ್ಕೆ ಹೋಗಲಿಲ್ಲ, ತೇಗ ಕಡಿಯುವುದನ್ನು ಬಿಡಲಿಲ್ಲ. ಸರ್ವೆಯವರು ಸರಪಳಿ ಹಿಡಿದು ಬಂದಾಗ ಹೊಲದಲ್ಲಿ ಅಂಗಾತ ಮಲಗಿ ‘ಇದು ನನ್ನದು’ ಎಂದು ಕೂಗಿದರು. ಡಚ್ಚರು ಸಾಮಿನ್‌ನನ್ನು 1907ರಲ್ಲಿ ಹಿಡಿದು ಸುಮಾತ್ರಾಕ್ಕೆ ಗಡಿಪಾರು ಮಾಡಿದರು. 1914ರಲ್ಲಿ ಅವನು ಅಲ್ಲೇ ಸತ್ತ. ತಲೆಗಂದಾಯ ಏರಿಸಿದ್ದಕ್ಕೆ ಅದೇ ವರ್ಷ ಅವನ ಅನುಯಾಯಿಗಳ ಅಸಹಕಾರ ಮತ್ತೆ ಜೋರಾಗಿತ್ತು.

ಅವರ ಸಂತತಿಯವರು ಇಂದಿಗೂ ಪಾತಿ, ಕುಡುಸ್, ಬ್ಲೋರಾ ಸೀಮೆಗಳಲ್ಲಿ ಇದ್ದಾರೆ. ತಮ್ಮನ್ನು ಸೆದುಲುರ್ ಸಿಕೆಪ್ ಎಂದು ಕರೆದುಕೊಳ್ಳುತ್ತಾರೆ. ಬೇಸಾಯವೇ ಬದುಕು, ವ್ಯಾಪಾರ ಮಾಡಬಾರದು ಎಂಬುದು ಅವರ ಕಟ್ಟಳೆ. ಮಕ್ಕಳನ್ನು ಶಾಲೆಗೆ ಕಳಿಸದವರೂ ಬಹಳ. ಜಾವಾ ಭಾಷೆಯಲ್ಲಿ ದೊಡ್ಡವರೊಡನೆ ಒಂದು ಬಗೆ, ಸರೀಕರೊಡನೆ ಇನ್ನೊಂದು ಬಗೆ ಮಾತಾಡುವ ಪದ್ಧತಿ ಬಿಗಿಯಾಗಿದೆ. ಇವರು ಮಾತ್ರ ಅಧಿಕಾರಿ ಬಂದರೂ ಮನೆಮಂದಿಯೊಡನೆ ಆಡುವ ಮಾತನ್ನೇ ಆಡುತ್ತಾರೆ.

2006ರ ಸುಮಾರಿಗೆ ಸರ್ಕಾರಿ ಒಡೆತನದ ಸೆಮೆನ್ ಗ್ರೆಸಿಕ್ ಕಂಪನಿ ಸಿಮೆಂಟ್ ಕಾರ್ಖಾನೆಗೆಂದು ಮೊದಲು ಬಂದದ್ದು ಇದೇ ಸಿಕೆಪ್ ರೈತರ ನೆಲವಾದ ಪಾತಿ ಜಿಲ್ಲೆಯ ಸುಕೊಲಿಲೊಗೆ. ಬೆಟ್ಟದ ಒರತೆಗಳಿಂದಲೇ ಗದ್ದೆ ಮಾಡುವ ಸೀಮೆ ಅದು. ಅಲ್ಲಿನ ಸಿಕೆಪ್ ರೈತ ಗುನ್ರೆತ್ನೊ ಮುಂದಾಳಾಗಿ ಕೆಂಡೆಂಗ್ ಬೆಟ್ಟದ ಕಾಳಜಿಯ ಸಂಘಟನೆ ಕಟ್ಟಿಕೊಂಡಿತು. 2009ರ ಜನವರಿಯಲ್ಲಿ ನಡೆದ ಘರ್ಷಣೆಯ ಬೆನ್ನಿಗೆ ಒಂಬತ್ತು ಊರವರು ಜೈಲಿಗೆ ಹೋದರು. ಆದರೆ ಅದೇ ವರ್ಷ ಮಧ್ಯ ಜಾವಾದ ರಾಜಧಾನಿ ಸೆಮಾರಂಗ್‌ನ ಆಡಳಿತ ನ್ಯಾಯಾಲಯದಲ್ಲಿ ರೈತರು ಗೆದ್ದರು, ಕೊನೆಗೆ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಕಂಪನಿ ಪಾತಿಯಿಂದ ಕಾಲು ತೆಗೆಯಿತು.

ಕಾಲು ತೆಗೆದು ಇಟ್ಟದ್ದು ಪಕ್ಕದ ರೆಂಬಾಂಗ್‌ನಲ್ಲಿ, ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ.

ಇಲ್ಲೊಂದು ಮಾತು ಹೇಳಬೇಕು. ಹೊರಗಿನ ಎಷ್ಟೋ ವರದಿಗಳು ರೆಂಬಾಂಗ್‌ನ ಹೋರಾಟಗಾರರನ್ನೆಲ್ಲ ಸಾಮಿನ್ ಪಂಥದವರೆಂದು ಬರೆದುಬಿಟ್ಟವು. ತೆಗಲ್‌ದೊವೊ, ತಿಂಬ್ರಾಂಗನ್ ಊರಿನವರು ಜಾವಾದ ಬೇರೆ ಹಳ್ಳಿಗಳವರಂತೆ ನಮಾಜು, ಸ್ತೋತ್ರಪಾಠ ಮಾಡುವ ಸಾಮಾನ್ಯ ಮುಸ್ಲಿಂ ರೈತರು. ಸಿಕೆಪ್‌ನವರ ಬೆಂಬಲ ಇವರಿಗೆ ಸಿಕ್ಕಿತು, ಅವರ ಅನುಭವವೂ ಸಿಕ್ಕಿತು. ಆದರೆ ಎದ್ದು ನಿಂತದ್ದು ಇವರೇ, ತಮ್ಮದೇ ನೀರಿಗಾಗಿ. ಇವರನ್ನು ಯಾವುದೋ ವಿಚಿತ್ರ ಪಂಥದ ಜನ ಎಂದು ತೋರಿಸಿಬಿಟ್ಟರೆ ಇವರ ಪ್ರಶ್ನೆಯೂ ವಿಚಿತ್ರವೆಂದೇ ತಳ್ಳಿಹಾಕುವುದು ಸುಲಭವಾಗುತ್ತದೆ. ಅದಕ್ಕೇ ಈ ತಪ್ಪು ಸಣ್ಣದಲ್ಲ.

2012ರ ಜೂನ್ 7ರಂದು ಮಧ್ಯ ಜಾವಾದ ಗವರ್ನರ್ ಕಚೇರಿಯಿಂದ ಕಂಪನಿಗೆ ಪರಿಸರ ಅನುಮತಿ ಸಿಕ್ಕಿತು. ವರ್ಷಕ್ಕೆ 30 ಲಕ್ಷ ಟನ್ ಸಿಮೆಂಟ್ ತೆಗೆಯುವ ಕಾರ್ಖಾನೆ. ಇದಕ್ಕೆ ಒಂದು ವರ್ಷ ಮುಂಚೆ, 2011ರಲ್ಲಿ, ಅಧ್ಯಕ್ಷರ ಆದೇಶವೊಂದು ದೇಶದ ಅಂತರ್ಜಲ ಪಾತ್ರೆಗಳನ್ನು ಪಟ್ಟಿ ಮಾಡಿತ್ತು. ವಾತುಪುತಿಹ್ ಆ ಪಟ್ಟಿಯಲ್ಲಿತ್ತು. ಅಂದರೆ ಒಂದು ಕಚೇರಿ ಇಲ್ಲಿ ನೀರಿದೆ ಎಂದು ಬರೆದಿಟ್ಟ ಜಾಗವನ್ನೇ ಇನ್ನೊಂದು ಕಚೇರಿ ಗಣಿಗೆ ಕೊಟ್ಟಿತು. ಅಷ್ಟರಲ್ಲಿ ಕಂಪನಿಯ ಹೆಸರೂ ಸೆಮೆನ್ ಇಂಡೋನೇಷ್ಯಾ ಎಂದಾಯಿತು.

2014ರ ಜೂನ್ 16ರಂದು ಕಾರ್ಖಾನೆಗೆ ಗುದ್ದಲಿ ಪೂಜೆಯಂಥ ಸಮಾರಂಭ ನಡೆಯಿತು. ಅವತ್ತೇ ಊರಿನ ಹೆಂಗಸರು ಕಾರ್ಖಾನೆಯ ದಾರಿಯಲ್ಲಿ ಟಾರ್ಪಾಲು ಕಟ್ಟಿ ಕೂತರು. ಗಂಡಸರು ಮುಂದೆ ನಿಂತರೆ ಪೊಲೀಸರೊಡನೆ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗುತ್ತದೆ, ನಾವೇ ಕೂರೋಣ ಎಂಬುದು ಅವರ ಲೆಕ್ಕಾಚಾರ. ಪೊಲೀಸರು ಅವರನ್ನೂ ಎಳೆದು ಹಾಕಿದರು. ಆದರೂ ಟೆಂಟು ನಿಂತಿತು, ಎರಡೂವರೆ ವರ್ಷ ನಿಂತಿತು. ಸರದಿ ಪ್ರಕಾರ ಬಂದು ಕೂರುವುದು, ಹೊಲದ ಕೆಲಸಕ್ಕೆ ಹೋಗಿ ಬರುವುದು, ಅಲ್ಲೇ ಅಡುಗೆ, ಅಲ್ಲೇ ಪ್ರಾರ್ಥನೆ. ಊರು ಇಬ್ಭಾಗವಾಯಿತು. ಕಾರ್ಖಾನೆಯಲ್ಲಿ ಕೆಲಸ ಸಿಗುವ ಆಸೆಯಿದ್ದವರು, ಜಮೀನು ಮಾರಿದವರು ಆ ಕಡೆ. ಇವರು ಈ ಕಡೆ. ಕೆಲಸ ಬೇಕೆಂದವರನ್ನು ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ. ಖುಷ್ಕಿ ಊರಿನಲ್ಲಿ ತಿಂಗಳ ಸಂಬಳ ಸಣ್ಣ ಮಾತಲ್ಲ.

ಕೋರ್ಟಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಊರವರು ಪರಿಸರ ಸಂಘಟನೆ ವಾಲ್ಹಿ ಜೊತೆ ಸೇರಿ 2014ರ ಸೆಪ್ಟೆಂಬರ್ 1ರಂದು ಸೆಮಾರಂಗ್‌ನಲ್ಲಿ ದಾವೆ ಹೂಡಿದರು. 2015ರ ಏಪ್ರಿಲ್ 16ರಂದು ದಾವೆ ವಜಾ ಆಯಿತು. ಬೆಟ್ಟದಲ್ಲಿ ನೀರಿದೆಯೋ ಇಲ್ಲವೋ ಎಂಬ ವಿಚಾರಕ್ಕೆ ಕೋರ್ಟು ಕೈಯೇ ಹಾಕಲಿಲ್ಲ, ಅವಧಿ ಮೀರಿದೆ ಎಂದಿತು. ಅನುಮತಿಯ ವಿಷಯ ಗೊತ್ತಾದ 90 ದಿನದೊಳಗೆ ದಾವೆ ಹೂಡಬೇಕು ಎಂಬುದು ಅಲ್ಲಿನ ಕಾನೂನು. ಅನುಮತಿ ಪತ್ರ ಕಣ್ಣಿಗೆ ಬಿದ್ದದ್ದೇ 2014ರ ಜೂನ್‌ನಲ್ಲಿ ಎಂದು ಊರವರು ಹೇಳಿದರು. 2013ರ ಸಭೆಯೊಂದರಲ್ಲೇ ಗೊತ್ತಾಗಿತ್ತಲ್ಲ ಎಂದು ನ್ಯಾಯಾಲಯ ಲೆಕ್ಕ ಹಾಕಿತು. ಮೇಲ್ಮನವಿಯಲ್ಲೂ ಸೋಲು.

2016ರ ಏಪ್ರಿಲ್ 12ರಂದು ಕೆಂಡೆಂಗ್ ಸೀಮೆಯ ಒಂಬತ್ತು ಹೆಂಗಸರು ಜಕಾರ್ತಾದಲ್ಲಿ ಅಧ್ಯಕ್ಷರ ಅರಮನೆಯ ಎದುರು ಕುರ್ಚಿ ಹಾಕಿ ಕೂತರು. ತೆಗಲ್‌ದೊವೊದ ಸುಕಿನಾ ಅವರಲ್ಲೊಬ್ಬರು. ಪ್ರತಿಯೊಬ್ಬರ ಮುಂದೂ ಒಂದು ಮರದ ಪೆಟ್ಟಿಗೆ. ಪಾದಗಳನ್ನು ಪೆಟ್ಟಿಗೆಯಲ್ಲಿಟ್ಟು, ಕಲಸಿದ ಸಿಮೆಂಟನ್ನು ಕಣಕಾಲಿನವರೆಗೆ ಸುರಿಸಿಕೊಂಡರು. ಹಸಿ ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಚರ್ಮ ಸುಡುತ್ತದೆ. ಆಮೇಲೆ ಎದ್ದು ನಿಲ್ಲಲಾಗುವುದಿಲ್ಲ, ಶೌಚಕ್ಕೂ ಬೇರೆಯವರು ಎತ್ತಿಕೊಂಡು ಹೋಗಬೇಕು. ಪತ್ರಿಕೆಗಳು ಅವರನ್ನು ಕೆಂಡೆಂಗ್‌ನ ಕಾರ್ತಿನಿಯರು ಎಂದವು. ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದ ರಾಷ್ಟ್ರನಾಯಕಿ ಕಾರ್ತಿನಿಯ ಜನ್ಮದಿನ ಏಪ್ರಿಲ್ 21. 1904ರಲ್ಲಿ ಸತ್ತ ಆಕೆಯ ಸಮಾಧಿ ಇರುವುದೂ ಇದೇ ರೆಂಬಾಂಗ್ ಜಿಲ್ಲೆಯ ಬುಲು ಎಂಬಲ್ಲಿ.

ಆಗಸ್ಟ್ 2ರಂದು ಅಧ್ಯಕ್ಷ ಜೋಕೊ ವಿಡೊಡೊ ರೈತರನ್ನು ಒಳಗೆ ಕರೆದು ಮಾತಾಡಿದರು. ಇಡೀ ಬೆಟ್ಟಸಾಲಿನ ಪರಿಸರ ಅಧ್ಯಯನ ಆಗಲಿ ಎಂದು ಆದೇಶಿಸಿದರು. ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟ್ ಮರುಪರಿಶೀಲನೆಯಲ್ಲಿ ಊರವರ ಪರ ತೀರ್ಪು ಕೊಟ್ಟು 2012ರ ಅನುಮತಿಯನ್ನು ರದ್ದು ಮಾಡಿತು. ಜಲಪಾತ್ರೆಯ ಮೇಲೆ ಎಷ್ಟು, ಹೇಗೆ ಅಗೆಯಬಹುದು ಎಂಬ ಮಿತಿಯೇ ಪರಿಸರ ವರದಿಯಲ್ಲಿ ಸ್ಪಷ್ಟವಿಲ್ಲ. ಊರವರ ಕುಡಿಯುವ ನೀರಿಗೆ, ಬೇಸಾಯಕ್ಕೆ ಪರಿಹಾರವನ್ನೂ ಹೇಳಿಲ್ಲ ಎಂಬುದು ಮುಖ್ಯ ಕಾರಣ. ಹೆಂಗಸರು ಎರಡು ವರ್ಷದಿಂದ ಟೆಂಟಿನಲ್ಲಿ ಕೂತು ಹೇಳುತ್ತಿದ್ದದ್ದೂ ಇದನ್ನೇ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತೀರ್ಪು ಬಂದು ಐದು ವಾರವಾಗುವಷ್ಟರಲ್ಲಿ, ನವೆಂಬರ್ 9ರಂದು, ಗವರ್ನರ್ ಗಂಜಾರ್ ಪ್ರನೊವೊ ಹೊಸ ಅನುಮತಿ ಪತ್ರಕ್ಕೆ ಸಹಿ ಹಾಕಿದರು. ರೈತರು ಡಿಸೆಂಬರ್‌ನಲ್ಲಿ ರೆಂಬಾಂಗ್‌ನಿಂದ ಸೆಮಾರಂಗ್‌ಗೆ ಸುಮಾರು 150 ಕಿಲೋಮೀಟರ್ ನಡೆದುಹೋದರು. 2017ರ ಜನವರಿ 16ರಂದು ಗವರ್ನರ್ ಅನುಮತಿ ಹಿಂಪಡೆದರು. ಫೆಬ್ರವರಿ 10ರ ಸಂಜೆ ಒಂದು ಗುಂಪು ಬಂದು ಹೆಂಗಸರ ಟೆಂಟನ್ನೂ ಪಕ್ಕದ ಪ್ರಾರ್ಥನಾ ಕೊಠಡಿಯನ್ನೂ ಸುಟ್ಟುಹಾಕಿತು. ಅದೇ ತಿಂಗಳ 23ರಂದು ಪರಿಸರ ವರದಿಗೆ ತಿದ್ದುಪಡಿ ಸೇರಿಸಿಕೊಂಡು ಮತ್ತೆ ಅನುಮತಿ ಹೊರಟಿತು. ದೇಶದ ಅತಿ ಎತ್ತರದ ನ್ಯಾಯಾಲಯ ಒಂದು ಕಾಗದವನ್ನು ಹರಿದರೆ ಇನ್ನೊಂದನ್ನು ಅಚ್ಚು ಹಾಕಬಹುದು ಎಂದಾದ ಮೇಲೆ ರೈತ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಸರ್ಕಾರದ ಯಾವ ಹಂತದಲ್ಲೂ ನೇರ ಉತ್ತರ ಬರಲಿಲ್ಲ.

ಮಾರ್ಚ್ 13ರಿಂದ ಅರಮನೆಯ ಎದುರು ಮತ್ತೆ ಸಿಮೆಂಟಿನ ಪೆಟ್ಟಿಗೆಗಳು. ಈ ಸಲ ದಿನ ಕಳೆದಂತೆ ಜನ ಹೆಚ್ಚಿದರು. ಅವರಲ್ಲಿ ಪಾತಿ ಜಿಲ್ಲೆಯಿಂದ ಬಂದ 48 ವರ್ಷದ ಪಾತ್ಮಿ ಇದ್ದರು. ಅವರ ಊರಿನ ಹತ್ತಿರ ಬರಲಿದ್ದದ್ದು ಇನ್ನೊಂದು ಕಂಪನಿಯ ಕಾರ್ಖಾನೆ. ಅಲ್ಲಿನ ರೈತರು ಮೊದಲ ಹಂತದಲ್ಲಿ ಗೆದ್ದು ಮೇಲ್ಮನವಿಯಲ್ಲಿ ಸೋತಿದ್ದರು. ರೆಂಬಾಂಗ್‌ನ ಕಾರ್ಖಾನೆ ನಿಂತರೆ ಪಾತ್ಮಿಯ ಹೊಲಕ್ಕೆ ನೇರವಾಗಿ ಒಂದು ಕೊಡ ನೀರೂ ಹೆಚ್ಚು ಬರುತ್ತಿರಲಿಲ್ಲ. ಬೆಟ್ಟ ಒಂದೇ ಎಂದುಕೊಂಡು ಬಂದವರು ಅವರು. ಮಾರ್ಚ್ 20ರ ಸಂಜೆ, ಊರಿಗೆ ಮರಳಲೆಂದು, ಅವರ ಕಾಲಿನ ಸಿಮೆಂಟನ್ನು ಒಡೆದು ತೆಗೆಯಲಾಯಿತು. ಆ ರಾತ್ರಿಯೇ ಮೈ ಸರಿಯಿಲ್ಲ ಎಂದರು. 21ರ ಬೆಳಗಿನ ಜಾವ, ಹೃದಯಾಘಾತದಿಂದ ತೀರಿಕೊಂಡರು.

ಅಧ್ಯಕ್ಷರು ಆದೇಶಿಸಿದ್ದ ಅಧ್ಯಯನದ ಫಲಿತಾಂಶ ಏಪ್ರಿಲ್ 12ರಂದು ಹೊರಬಂತು, ಮೊದಲ ಸಲ ಸಿಮೆಂಟು ಸುರಿದುಕೊಂಡ ದಿನಕ್ಕೆ ಸರಿಯಾಗಿ ಒಂದು ವರ್ಷಕ್ಕೆ. ವಾತುಪುತಿಹ್ ಜಲಪಾತ್ರೆಯನ್ನು ಕದಡಬಾರದು, ಅಲ್ಲಿ ಗಣಿಗಾರಿಕೆ ಬೇಡ, ಅದನ್ನು ರಕ್ಷಿತ ಕಾರ್ಸ್ಟ್ ಪ್ರದೇಶವೆಂದು ಗೊತ್ತುಮಾಡಬೇಕು ಎಂದು ಸರ್ಕಾರದ್ದೇ ತಜ್ಞರು ಹೇಳಿದರು. ಆ ಶಿಫಾರಸಿನಿಂದ ಕಾರ್ಖಾನೆಯ ಗೂಡು ಆರಲಿಲ್ಲ. ಕಟ್ಟಿ ಮುಗಿದಿದ್ದ ಅದು ಮುಂದೆ ಉತ್ಪಾದನೆಗೂ ಇಳಿಯಿತು. ಅಧ್ಯಯನಕ್ಕೆ ಸಲಹೆ ಕೊಡುವ ಅಧಿಕಾರವಿತ್ತು. ಅನುಮತಿ ಕೊಡುವ, ಹಿಂಪಡೆಯುವ ಅಧಿಕಾರ ಪ್ರಾಂತ್ಯದ ಕೈಯಲ್ಲೇ ಉಳಿದಿತ್ತು. ಕಾರ್ಸ್ಟ್ ರಕ್ಷಣೆಯ ಗೆರೆ ಎಳೆಯುವುದು ಇಂಧನ ಮತ್ತು ಖನಿಜ ಸಚಿವಾಲಯದ ಕೆಲಸ. ಕಲ್ಲು ಅಗೆಯಲು ಪರವಾನಗಿಯ ನಿಯಮ ಬರೆಯುವುದೂ ಅದೇ ಸಚಿವಾಲಯ.